ಒಂಬತ್ತನೇ ಪೆಟ್ಟಿಗೆಯ ತೂಕ

ಸೆಪ್ಟೆಂಬರ್ 2, ಸೋಮವಾರ

ಊಟದ ಹೊತ್ತಿಗೆ ಪೆಟ್ಟಿಗೆಗಳ ಸುದ್ದಿ ಎತ್ತಬಾರದು ಎಂದು ಹೆಂಡತಿ ನಿನ್ನೆ ಕಟ್ಟಪ್ಪಣೆ ಮಾಡಿದಳು. "ಹತ್ತೊಂಬತ್ತು ವರ್ಷ ಕೇಳಿದೀನಿ ಕಣ್ರೀ. ಯಾವ ಪೆಟ್ಟಿಗೆ ಎಷ್ಟು ಗ್ರಾಂ ಅನ್ನೋದನ್ನ ಎಲ್ಲಾದ್ರೂ ಬರ್ಕೊಳ್ಳಿ, ನನ್ನ ಕಿವಿಗೆ ಹಾಕ್ಬೇಡಿ" ಎಂದಳು. ಹಾಗಾಗಿ ಈ ನೋಟ್‌ಬುಕ್. ಅವಳು ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದಳು. ಆದರೆ ಹೇಳಿದ್ದು ಹೇಳಿದ್ದೇ.

ಮೊದಲು ಸಂಗತಿಗಳು. ಮ್ಯೂಸಿಯಮ್ಮಿನ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೂವತ್ತೆರಡು ಮರದ ಪೆಟ್ಟಿಗೆಗಳಿವೆ. ಒಂದರಲ್ಲಿ ಶಂಖ, ಚಿಪ್ಪು, ಒಂದರಲ್ಲಿ ತಲೆಬುರುಡೆ, ಹಲ್ಲು, ಒಂದರಲ್ಲಿ ಬೀಜಗಳು, ಒಂದರಲ್ಲಿ ಹಕ್ಕಿಗೂಡುಗಳು. ಒಂದೊಂದರಲ್ಲಿ ನಲವತ್ತು ವಸ್ತು. ಶಾಲೆಯವರು ಎರಡು ವಾರಕ್ಕೆ ಎರವಲು ಒಯ್ಯುತ್ತಾರೆ. ಮಕ್ಕಳು ಮುಟ್ಟಿ ನೋಡಿ ಪ್ರಕೃತಿಯನ್ನು ಅರಿಯಲಿ ಎಂಬುದು ಉದ್ದೇಶ. ಮುಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನು ಉದ್ದೇಶ ಬರೆದವರು ನೋಡಿರಲಿಲ್ಲ. ಅದನ್ನು ನೋಡುವವನು ನಾನು.

ನಾನು ಬರುವ ಮೊದಲು, ವಾಪಸಾದ ಪೆಟ್ಟಿಗೆಯ ಪ್ರತಿಯೊಂದು ವಸ್ತುವನ್ನೂ ಎಣಿಸುತ್ತಿದ್ದರು. ಒಂದು ಪೆಟ್ಟಿಗೆಗೆ ನಲವತ್ತು ನಿಮಿಷ. ನಾನು ಬಂದ ಮೂರನೇ ತಿಂಗಳಲ್ಲೇ ತಕ್ಕಡಿ ತರಿಸಿದೆ. ಈಗ ಪ್ರತಿ ಮುಚ್ಚಳದ ಮೇಲೂ ಅದರ ತೂಕ ಬರೆದಿದೆ. ಹೋಗುವಾಗ ತೂಗುವುದು, ಬಂದಾಗ ತೂಗುವುದು, ಕಡಿಮೆಯಾಗಿದ್ದರೆ ಮಾತ್ರ ಬಿಚ್ಚಿ ನೋಡಿ 'ನಷ್ಟದ ನಮೂನೆ' ತುಂಬಿಸುವುದು. ನಲವತ್ತು ಸೆಕೆಂಡಿನ ಕೆಲಸ. ಇದಕ್ಕಾಗಿ ನನಗೆ ಮೆಚ್ಚುಗೆ ಪತ್ರ ಸಿಕ್ಕಿದೆ. ಅದು ತಕ್ಕಡಿಯ ಮೇಲಿನ ಗೋಡೆಯಲ್ಲಿದೆ. ಶಾಲೆಗಳಲ್ಲಿ ನನ್ನನ್ನು ತಕ್ಕಡಿ ಸಾರ್ ಎನ್ನುತ್ತಾರಂತೆ. ಅದನ್ನು ಬೈಗುಳ ಎಂದು ನಾನು ತಿಳಿದಿಲ್ಲ.

ಇವತ್ತು ಹೊಸ ಮುಖ್ಯಸ್ಥೆ ಕರೆಸಿದರು. ಬಂದು ಎರಡು ತಿಂಗಳಾಗಿದೆ, ಮೇಜಿನ ಮೇಲೆ ಇನ್ನೂ ಒಂದು ಕಾಗದವೂ ಇಲ್ಲ. ಅಂಥವರನ್ನು ಕಂಡರೆ ನನಗೆ ಗೌರವ.

"ಅಕ್ಟೋಬರ್ ಒಂಬತ್ತಕ್ಕೆ ಆಡಳಿತ ಮಂಡಳಿ ಸಭೆ" ಎಂದರು. "ಪೆಟ್ಟಿಗೆ ವಿಭಾಗ ಬೇಕಾ ಬೇಡವಾ ಅನ್ನೋದು ವಿಷಯ. ನಷ್ಟ ನೂರಕ್ಕೆ ಹತ್ತು ದಾಟಿದ್ರೆ ಮುಚ್ಚೋಣ ಅಂತಿದಾರೆ. ಹಾಲ್‌ನಲ್ಲಿ ಚಿತ್ರ ತೋರಿಸೋ ದೊಡ್ಡ ಪರದೆ ಹಾಕಿದ್ರೆ ಮಕ್ಕಳು ಇಲ್ಲೇ ಬಂದು ನೋಡಬಹುದು. ಮುರಿಯೋ ಪ್ರಶ್ನೆ ಇಲ್ಲ."

"ಮುಚ್ಚಿದ್ರೆ ನಾನು, ಮೇಡಂ?"

"ಕೊಡೆ ಮತ್ತು ಚೀಲದ ಕೌಂಟರ್‌ನಲ್ಲಿ ಒಬ್ರು ನಿವೃತ್ತಿ ಆಗ್ತಿದಾರೆ."

ನಾನು ಹೆದರಲಿಲ್ಲ. ನಷ್ಟ ಹತ್ತರ ಹತ್ತಿರಕ್ಕೂ ಬರುವುದಿಲ್ಲ ಎಂದು ನನಗೆ ಗೊತ್ತು. ಇದನ್ನು ಹೆಂಡತಿಗೆ ಹೇಳಬೇಕೆನಿಸಿತು. ಹೇಳಲಿಲ್ಲ.

ಸೆಪ್ಟೆಂಬರ್ 5, ಗುರುವಾರ

ಹತ್ತೊಂಬತ್ತು ವರ್ಷದ ನಷ್ಟದ ನಮೂನೆಗಳನ್ನು ಕಪಾಟಿನಿಂದ ಇಳಿಸಿದೆ. ಇಷ್ಟು ತೆಳ್ಳಗಿನ ಕಟ್ಟು ನೋಡಿ ನನಗೇ ಹೆಮ್ಮೆಯಾಯಿತು.

ನಾಲ್ಕನೇ ಕ್ಲಾಸಿನ ಟೀಚರ್ ಬಂದಿದ್ದರು. ವರ್ಷಕ್ಕೆ ಆರು ಸಲ ಬರುತ್ತಾರೆ. ಕೈಯಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ, ಬಾಯಲ್ಲಿ ಯಾವಾಗಲೂ ಒಂದೇ ಪ್ರಶ್ನೆ.

"ಸಾರ್, ಒಂಬತ್ತನೇದು ಸಿಗತ್ತಾ?"

"ಅದು ತಪಾಸಣೆಯಲ್ಲಿದೆ."

"ನಾನು ಕೆಲಸಕ್ಕೆ ಸೇರಿದಾಗ್ಲೂ ತಪಾಸಣೆಯಲ್ಲೇ ಇತ್ತು. ಆಮೇಲೆ ನನಗೆ ಮದುವೆ ಆಯ್ತು, ಎರಡು ಮಕ್ಕಳಾದ್ವು."

"ಸೂಕ್ಷ್ಮ ತಪಾಸಣೆ" ಎಂದೆ.

ಒಂಬತ್ತನೇ ಪೆಟ್ಟಿಗೆ 'ರೆಕ್ಕೆಗಳು'. ನಾನು ಕೆಲಸಕ್ಕೆ ಸೇರಿದ ವರ್ಷ ಸ್ವತಃ ಜೋಡಿಸಿದ್ದು. ಮಿಂಚುಳ್ಳಿಯ ರೆಕ್ಕೆ ಒಂದು ಜೊತೆ, ಗೂಬೆಯದು ಒಂದು ಜೊತೆ, ಸೂಜಿಗೆ ಚುಚ್ಚಿದ ಚಿಟ್ಟೆಗಳು ಹನ್ನೆರಡು, ಉಳಿದವು ಗರಿಗಳು. ಒಟ್ಟು ನಲವತ್ತು. ನುಸಿಗುಳಿಗೆ ಎರಡು ಹಿಡಿ ಹಾಕಿ, ಸುತ್ತ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಸಹಿ ಮಾಡಿದೆ. ಅದನ್ನು ಒಂದು ಸಲವೂ ಎರವಲು ಕೊಟ್ಟಿಲ್ಲ, ಬಿಚ್ಚಿಲ್ಲ. ಮೂವತ್ತೆರಡರಲ್ಲಿ ಒಂದಾದರೂ ಇರಬೇಕಾದ ಹಾಗೆ ಇರಲಿ ಎಂದು. ಮೇಲಿನ ಅರೆಯಲ್ಲಿ ಅದು ಇದೆ ಎಂಬುದೇ ನನಗೆ ಒಂದು ನೆಮ್ಮದಿ.

ಟೀಚರಿಗೆ ಹದಿನೇಳನೆಯದು ಕೊಟ್ಟೆ: ತಲೆಬುರುಡೆ ಮತ್ತು ಹಲ್ಲು. 4 ಕಿಲೋ 650 ಗ್ರಾಂ.

ಸೆಪ್ಟೆಂಬರ್ 10, ಮಂಗಳವಾರ

ಲೆಕ್ಕ ಮುಗಿಯಿತು. 1,280 ವಸ್ತುಗಳಲ್ಲಿ ಕಳೆದದ್ದು 23. ನೂರಕ್ಕೆ 1.8. ವರದಿ ಟೈಪ್ ಮಾಡಿ ಮೂರು ಪ್ರತಿ ತೆಗೆದೆ. ರಾತ್ರಿ ಊಟದಲ್ಲಿ "ಒಂದು ಬಿಂದು ಎಂಟು" ಎಂದು ಬಾಯಿ ತಪ್ಪಿ ಬಂತು. ಹೆಂಡತಿ ತಟ್ಟೆ ಎತ್ತಿಕೊಂಡು ಹೊಲಿಗೆ ಮೆಷಿನ್ ಇರುವ ಕೋಣೆಗೆ ಹೋಗಿ ಅಲ್ಲೇ ಊಟ ಮುಗಿಸಿದಳು.

ಸೆಪ್ಟೆಂಬರ್ 19, ಗುರುವಾರ

ಹದಿನೇಳನೇ ಪೆಟ್ಟಿಗೆ ವಾಪಸು ಬಂತು. ತೂಕ 4 ಕಿಲೋ 860 ಗ್ರಾಂ.

ಹೋದದ್ದು 4,650. ಬಂದದ್ದು 4,860. ಹೆಚ್ಚು, 210.

ಹತ್ತೊಂಬತ್ತು ವರ್ಷದಲ್ಲಿ ಹೀಗಾಗಿದ್ದಿಲ್ಲ. ತಕ್ಕಡಿ ಕೆಟ್ಟಿದೆ ಎಂದುಕೊಂಡು ನನ್ನ ಬುತ್ತಿ ಡಬ್ಬಿ ತೂಗಿದೆ, ಎಡಗಾಲಿನ ಚಪ್ಪಲಿ ತೂಗಿದೆ, ಬಲಗಾಲಿನದನ್ನೂ ತೂಗಿದೆ. ಚಪ್ಪಲಿಗಳಲ್ಲಿ ಆರು ಗ್ರಾಂ ವ್ಯತ್ಯಾಸ. ನಾನು ಎಡಗಾಲು ಎಳೆದು ನಡೆಯುತ್ತೇನೆ ಎಂದು ಹೆಂಡತಿ ಹೇಳುವುದು ನಿಜ. ತಕ್ಕಡಿ ಸರಿಯಿದೆ.

ಹೆಚ್ಚಾಗಿ ಬಂದದ್ದಕ್ಕೆ ಯಾವ ನಮೂನೆ ತುಂಬಿಸಬೇಕು ಎಂದು ಕೈಪಿಡಿ ನೋಡಿದೆ. ಕೈಪಿಡಿ ಬರೆದವನು ನಾನೇ. ಅಂಥ ನಮೂನೆ ಇಲ್ಲ.

ಕೊನೆಗೆ ಬಿಚ್ಚಿದೆ. ನಾಯಿಯ ತಲೆಬುರುಡೆ ಮೂರು ಚೂರಾಗಿತ್ತು. ಅರ್ಧ ಭಾಗ ಇರಲೇ ಇಲ್ಲ. ಅದರ ಜಾಗದಲ್ಲಿ, ಹತ್ತಿಯ ಅಡಿಯಲ್ಲಿ, ನೀಟಾಗಿ ಒರೆಸಿದ ಬೆಣಚುಕಲ್ಲುಗಳು. ಇಪ್ಪತ್ತೆರಡು.

ಸೆಪ್ಟೆಂಬರ್ 20, ಶುಕ್ರವಾರ

ಟೀಚರಿಗೆ ಫೋನ್ ಮಾಡಿದೆ, ಮಧ್ಯಾಹ್ನ ಬಂದರು. ವ್ಯಾನಿನ ಡ್ರೈವರನ್ನೂ ಕರೆದೆ. ಪೆಟ್ಟಿಗೆಗಳನ್ನು ಶಾಲೆಗಳಿಗೆ ಒಯ್ದು ತರುವುದು ಅವನೇ. ಅವನೂ ನಾನೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಕಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ.

ಟೀಚರ್ ಕಲ್ಲುಗಳನ್ನೂ ನೋಡಿದರು, ಡ್ರೈವರನ್ನೂ ನೋಡಿದರು.

"ಅಣ್ಣಾ, ನಾನು ಹಾಕಿದ್ದು ಹನ್ನೊಂದೇ."

"ಹಾಕಿದ್ರಾ? ನನಗೆ ಒಂದು ಮಾತು ಹೇಳ್ಬಾರದಿತ್ತಾ ಟೀಚರಮ್ಮ" ಎಂದ ಡ್ರೈವರ್. "ಬುರುಡೆ ಒಡೆದಿರೋದು ನೋಡಿ, ಪಾಪ ಇವರು ಮರ್ತಿದಾರೆ ಅಂತ ನಾನೂ ಹಾಕ್ದೆ."

ಕೇಳಿದಷ್ಟೂ ವಿಷಯ ಹೊರಬಂತು. ಬುರುಡೆಯನ್ನು ಒಬ್ಬಳು ಹುಡುಗಿ ಬಿಸಿಲಿಗೆ ಹಿಡಿದು ಕಣ್ಣಿನ ಗುಳಿಯೊಳಗೆ ಇಣುಕುತ್ತಿದ್ದಾಗ ಕಿಟಕಿಯಿಂದ ಕೆಳಗೆ ಬಿತ್ತಂತೆ. ಅದರ ತೂಕ 420 ಗ್ರಾಂ ಎಂದು ಪಟ್ಟಿಯಲ್ಲೇ ಇದೆ, ಹೋದದ್ದು ಅರ್ಧ; ಪಟ್ಟಿ ಬರೆದವನು ನಾನು. ಟೀಚರ್ 210 ಗ್ರಾಂ ಕಲ್ಲು ಹಾಕಿದರು. ಡ್ರೈವರ್ 210 ಗ್ರಾಂ ಕಲ್ಲು ಹಾಕಿದ.

"ಇದು ಮೊದಲನೇ ಸಲವಾ?" ಎಂದು ಕೇಳಿದೆ.

ಇಬ್ಬರೂ ನನ್ನ ಮೆಚ್ಚುಗೆ ಪತ್ರದ ಕಡೆ ನೋಡಿದರು.

"ಸಾರ್, ನೀವು ತೂಕ ಮಾತ್ರ ನೋಡ್ತೀರಿ ಅಂತ ಎಲ್ಲಾ ಸ್ಕೂಲಿಗೂ ಗೊತ್ತು" ಎಂದರು ಟೀಚರ್. "ನಾನು ಸೇರಿದ ದಿನ ಹೆಡ್ಮಾಸ್ಟರು ಹಾಜರಿ ಪುಸ್ತಕ ಎಲ್ಲಿದೆ, ಗಂಟೆ ಎಲ್ಲಿದೆ, ಕಲ್ಲು ಎಲ್ಲಿದೆ ಅಂತ ತೋರಿಸಿದ್ರು."

"ವ್ಯಾನಿನಲ್ಲಿ ನನ್ನ ಸೀಟಿನ ಕೆಳಗೆ ಎರಡು ಚೀಲ ಇಟ್ಟಿದೀನಿ" ಎಂದ ಡ್ರೈವರ್. "ಒಂದರಲ್ಲಿ ಹತ್ತು ಗ್ರಾಮಿನವು, ಇನ್ನೊಂದರಲ್ಲಿ ಐವತ್ತರವು. ಎಲ್ಲಾ ಸ್ಕೂಲಿನಲ್ಲಿ ತಕ್ಕಡಿ ಇರಲ್ಲ ನೋಡಿ."

"ಎಷ್ಟು ವರ್ಷದಿಂದ?"

"ನೀವು ತಕ್ಕಡಿ ತಂದ ಮಾರನೇ ತಿಂಗಳಿಂದ."

"ಒಂದು ದಿನ ಆದ್ರೂ ನನಗೆ ಹೇಳಲಿಲ್ಲ."

"ನೀವು ಕೇಳಲಿಲ್ಲ. ಮತ್ತೆ ತೂಕ ಸರಿ ಬಂದ್ರೆ ನಿಮ್ಮ ಮುಖ ಒಂಥರಾ ಅರಳ್ತಿತ್ತು ಸಾರ್. ಅದನ್ನ ನೋಡಿದ ಮೇಲೆ ಹೇಳೋಕೆ ಮನಸ್ಸು ಬರ್ತಿರ್ಲಿಲ್ಲ."

ಮೆಚ್ಚುಗೆ ಪತ್ರವನ್ನು ಗೋಡೆಯಿಂದ ತೆಗೆದು ಡ್ರಾಯರಿಗೆ ಹಾಕಿದೆ. ಗೋಡೆಯ ಮೇಲೆ ಅದರ ಅಳತೆಯ ಬಿಳಿ ಚೌಕ ಉಳಿಯಿತು. ಅದು ಪತ್ರಕ್ಕಿಂತ ಎದ್ದು ಕಾಣುತ್ತದೆ.

ಸೆಪ್ಟೆಂಬರ್ 22, ಭಾನುವಾರ

ವರದಿ ಟೈಪಾಗಿದೆ, ಮೂರು ಪ್ರತಿ ಇದೆ. 1.8 ಎಂದಿದೆ. ಅದನ್ನೇ ಕೊಟ್ಟರೆ ಯಾರೂ ಕೇಳುವುದಿಲ್ಲ, ವಿಭಾಗ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಅದು ಸುಳ್ಳು ಎಂದು ನನಗೂ, ಡ್ರೈವರನಿಗೂ, ಊರಿನ ನಲವತ್ತಾರು ಶಾಲೆಗಳಿಗೂ ಮಾತ್ರ ಗೊತ್ತು.

ಊಟ ಸೇರಲಿಲ್ಲ. ಹೆಂಡತಿ ತಾನೇ ಕೇಳಿದಳು, "ಏನಾಯ್ತು?" ನೀನೇ ಬೇಡ ಎಂದಿದ್ದೆ ಎಂದೆ. "ಈಗ ನಾನೇ ಕೇಳ್ತಿದೀನಲ್ಲ, ಹೇಳಿ" ಎಂದಳು. ಹೇಳಿದೆ. ಎರಡು ಚೀಲದ ತನಕ ತಡೆದುಕೊಂಡಳು. ಆಮೇಲೆ ಟೇಬಲ್ಲಿಗೆ ಹಣೆ ಹಚ್ಚಿ ನಕ್ಕಳು.

ನಕ್ಕು ಕಣ್ಣು ಒರೆಸಿಕೊಂಡು ಅಂದಳು: "ನಾನೂ ಟೇಪು ಹಿಡಿದು ಬಟ್ಟೆ ಅಳೀತೀನಿ. ಆದ್ರೆ ಹೊಲಿದ ಮೇಲೆ ಅವರಿಗೆ ಹಾಕಿಸಿ ನೋಡ್ತೀನಿ. ನೀವು ಟೇಪು ನೋಡಿ ಕಳಿಸ್ಬಿಟ್ರಿ. ಈಗ ಹೋಗಿ ಎಣಿಸಿ. ಎಷ್ಟು ಹೋಗಿದೆ ಅಂತ ಗೊತ್ತಾಗದೆ ಮುಖ ಯಾಕೆ ಸಪ್ಪಗೆ ಮಾಡ್ಕೊಂಡಿದೀರಿ?"

ಸಭೆಗೆ ಹದಿನೇಳು ದಿನ. ಒಂಬತ್ತನೆಯದು ಬಿಟ್ಟು ಮೂವತ್ತೊಂದು ಪೆಟ್ಟಿಗೆ. ತಿಂಗಳ ಕೊನೆಗೆ ಮುಗಿಸಬೇಕಾದರೆ ದಿನಕ್ಕೆ ನಾಲ್ಕಾದರೂ ಆಗಬೇಕು.

ಸೆಪ್ಟೆಂಬರ್ 24, ಮಂಗಳವಾರ

ನಾಲ್ಕನೇ ಪೆಟ್ಟಿಗೆ, ಶಂಖ ಮತ್ತು ಚಿಪ್ಪು. ಪಟ್ಟಿಯಲ್ಲಿ ನಲವತ್ತು, ಇರುವುದು ಇಪ್ಪತ್ತಾರು. ಕಲ್ಲು ಒಂಬತ್ತು. ಕಲ್ಲಲ್ಲದ ಹೆಚ್ಚುವರಿ ವಸ್ತುಗಳು ಹದಿಮೂರು. ಇವನ್ನು ನಾನು ನಿರೀಕ್ಷಿಸಿರಲಿಲ್ಲ.

ಎಲ್ಲ ಶಾಲೆಯವರೂ ಕಲ್ಲನ್ನೇ ಹಾಕಿಲ್ಲ. ಕೆಲವು ಮಕ್ಕಳು ತಾವು ಒಡೆದದ್ದಕ್ಕೆ ತಮಗೆ ಸರಿ ಕಂಡದ್ದನ್ನು ಬದಲಿಗೆ ಇಟ್ಟಿದ್ದಾರೆ. ಬಸವನಹುಳುವಿನ ಖಾಲಿ ಚಿಪ್ಪು. ಗುಬ್ಬಿ ಮೊಟ್ಟೆಯ ಅರ್ಧ ಓಡು. ಚಿಪ್ಪಿನಿಂದ ಮಾಡಿದ ಅಂಗಿ ಗುಂಡಿ, ಪಕ್ಕದಲ್ಲಿ ಚೀಟಿ: "ಇದೂ ಚಿಪ್ಪೇ. ನಮ್ಮ ಚಿಕ್ಕಪ್ಪನ ಅಂಗಿಯದು. ಅವರಿಗೆ ಹೇಳಿಲ್ಲ."

ಇನ್ನೊಂದು ಚೀಟಿ, ಅದರಲ್ಲಿ ಸುತ್ತಿದ ಒಂದು ಕಂದು ಬಣ್ಣದ ಒಣ ಕೋಶ: "ನಾನು ಉದ್ದದ ಶಂಖ ಒಡೆದೆ. ಅದಕ್ಕೆ ಇದು. ಇದರ ಹೆಸರು ಗೊತ್ತಿಲ್ಲ. ಕಂಡುಹಿಡಿದು ಬರೆಯಿರಿ." ಚೀಟಿಯ ತಾರೀಖು ಏಳು ವರ್ಷ ಹಿಂದಿನದು.

ಏಳು ವರ್ಷ ಉತ್ತರ ಕೊಡದೆ ಇರುವುದು ಕಚೇರಿಯ ಕ್ರಮಕ್ಕೆ ಸರಿಯಲ್ಲ. ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ಎರಡು ಗಂಟೆ ಹಿಡಿಯಿತು. ಜೀರುಂಡೆ ಕಳಚಿ ಬಿಟ್ಟ ಪೊರೆ. ಕಾಲಿನ ಕೊಕ್ಕೆಗಳು ಇನ್ನೂ ಹಾಗೇ ಇವೆ. ನನ್ನ ತೋಳಿಗೆ ಹಚ್ಚಿದರೆ ಹಿಡಿದುಕೊಂಡಿತು. ಮಧ್ಯಾಹ್ನದ ತನಕ ಅದು ತೋಳಿನ ಮೇಲೇ ಇತ್ತು, ಮೇಡಂ ನೋಡಿ ಹೇಳಿದ ಮೇಲೆ ತೆಗೆದೆ.

ಹೆಚ್ಚುವರಿ ವಸ್ತುಗಳನ್ನು ಬಿಸಾಡಬೇಕು. ಆದರೆ ಬಿಸಾಡಿದ್ದಕ್ಕೂ ಪಟ್ಟಿ ಬೇಕು. ಸದ್ಯಕ್ಕೆ ಒಂದು ತಟ್ಟೆ ಮಾಡಿ ಇಟ್ಟಿದ್ದೇನೆ.

ಸೆಪ್ಟೆಂಬರ್ 28, ಶನಿವಾರ

ಹದಿನೇಳನೇ ಪೆಟ್ಟಿಗೆಯಲ್ಲಿ, ಹಲ್ಲುಗಳ ನಡುವೆ, ಒಂದು ಹಾಲುಹಲ್ಲು. ಚೀಟಿ: "ಇದು ನನ್ನದು. ಮೊಲದ ಹಲ್ಲು ಕಳೆದುಹೋಯಿತು. ಇದನ್ನು ವಾಪಸ್ ಕೇಳುವುದಿಲ್ಲ." ಅದನ್ನು ಹತ್ತಿಯಲ್ಲಿ ಸುತ್ತಿ ಪ್ರತ್ಯೇಕ ಡಬ್ಬಿಯಲ್ಲಿಟ್ಟೆ. ಕೆಲಸದ ದೃಷ್ಟಿಯಿಂದಷ್ಟೆ.

ಡ್ರೈವರ್ ಈಗ ಬಿಡುವಿದ್ದಾಗಲೆಲ್ಲ ಬಂದು ಎಣಿಸಲು ಕೂರುತ್ತಾನೆ. ಯಾವ ಕಲ್ಲು ತನ್ನದು, ಯಾವುದು ಶಾಲೆಯದು ಎಂದು ನೋಡಿಯೇ ಹೇಳುತ್ತಾನೆ. ತನ್ನದಾದರೆ ಮುಖದಲ್ಲಿ ಒಂದು ಬಗೆಯ ಅಭಿಮಾನ.

ಹೆಂಡತಿ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಿಂದ ನಾಲ್ಕು ರೆಕ್ಕೆಬೀಜ, ಒಂದು ಗರಿ, ಒಂದು ತೊಗಟೆ ಚೂರು ತೆಗೆದಳು. "ಇದೇನು?" ಎಂದಳು. ಹೋಲಿಸಿ ನೋಡಲು ಎಂದೆ. ಸಂಜೆ ತಡವಾಗುವುದು ಯಾಕೆ ಎಂದೂ ಕೇಳಿದಳು. ಉದ್ಯಾನದ ದಾರಿಯಲ್ಲಿ ಬರುತ್ತೇನೆ, ಆ ದಾರಿ ಎಂಟು ನಿಮಿಷ ಹೆಚ್ಚು. ನಡುವೆ ಮರದ ಕೆಳಗೆ ನಿಂತರೆ ನಲವತ್ತು.

ಸೆಪ್ಟೆಂಬರ್ 30, ಸೋಮವಾರ

ಮೂವತ್ತೊಂದು ಪೆಟ್ಟಿಗೆ ಮುಗಿದವು. ಇರಬೇಕಾದದ್ದು 1,240. ಇಲ್ಲದಿರುವುದು 372. ಸರಿಯಾಗಿ ನೂರಕ್ಕೆ ಮೂವತ್ತು.

ಹತ್ತಾದರೆ ಮುಚ್ಚುತ್ತಾರೆ.

ಒಂಬತ್ತನೇ ಪೆಟ್ಟಿಗೆಯ ನಲವತ್ತೂ ವಸ್ತುಗಳನ್ನು ಸೇರಿಸಿದರೆ 29.06. ಒಂದು ಶೇಕಡಾ ಇಳಿಯಿತು. ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ಸಾಲನ್ನು ಬರೆಯುವಾಗ ಕೈ ಸ್ವಲ್ಪ ಗಟ್ಟಿಯಾಯಿತು: ಪೆಟ್ಟಿಗೆ 9, ನಷ್ಟ ಸೊನ್ನೆ.

"ಎಣಿಸದೆ ಬರೆದ್ರಾ?" ಎಂದ ಡ್ರೈವರ್.

"ಅದನ್ನ ಯಾರೂ ಮುಟ್ಟಿಲ್ಲ. ನೀನೂ ಕಲ್ಲು ಹಾಕಿಲ್ಲ."

"ಹಾಕಿಲ್ಲ. ಹಾಕೋಕೆ ನೀವು ಕೊಟ್ರೆ ತಾನೆ? ತೂಕ ಆದ್ರೂ ನೋಡಿ ಸಾರ್. ನಿಮ್ಮ ಪದ್ಧತಿ ಅಲ್ವಾ."

ಮುಚ್ಚಳದ ಮೇಲೆ ನನ್ನ ಕೈಬರಹ: 3 ಕಿಲೋ 420. ತಕ್ಕಡಿಯ ಮೇಲಿಟ್ಟೆ. 3 ಕಿಲೋ 160.

ನನ್ನ ಸಹಿ ಹಾಗೇ ಇದೆ. ಅಂಟುಪಟ್ಟಿ ಎಲ್ಲೂ ಕಿತ್ತಿಲ್ಲ. ಡ್ರೈವರ್ ತಾನೇ ಚಪ್ಪಲಿ ಬಿಚ್ಚಿ ತಕ್ಕಡಿಯ ಮೇಲಿಟ್ಟು ಪರೀಕ್ಷಿಸಿದ. ನಾಳೆ ಬಿಚ್ಚುತ್ತೇನೆ.

ಅಕ್ಟೋಬರ್ 1, ಮಂಗಳವಾರ

ಬಿಚ್ಚಿದೆ.

ಹನ್ನೆರಡು ಸೂಜಿಗಳಿವೆ. ಹನ್ನೆರಡು ಹೆಸರಿನ ಚೀಟಿಗಳಿವೆ. ಚಿಟ್ಟೆ ಒಂದೂ ಇಲ್ಲ. ಮಿಂಚುಳ್ಳಿಯ ರೆಕ್ಕೆಯ ಜಾಗದಲ್ಲಿ ಕಂದು ಪುಡಿ, ಅದರಲ್ಲಿ ಒಂದು ನೀಲಿ ಎಳೆ. ಗೂಬೆಯದು ಎಲುಬು ಮಾತ್ರ.

ನುಸಿಗುಳಿಗೆ ಇಟ್ಟ ಬಟ್ಟೆಚೀಲ ಖಾಲಿ.

ಅಕ್ಟೋಬರ್ 2, ಬುಧವಾರ

ಪುಡಿಯಲ್ಲಿ ಗರಿಹುಳುಗಳಿವೆ. ಮ್ಯೂಸಿಯಮ್ಮಿನವರು ಹಾಗೆ ಕರೆಯುತ್ತಾರೆ. ಅಕ್ಕಿಕಾಳಿನ ಅರ್ಧದಷ್ಟಿರುವ, ಮೈತುಂಬ ರೋಮದ ಮರಿಗಳು. ಗರಿ, ಉಣ್ಣೆ, ಒಣಗಿದ ಕೀಟ, ಇವು ಅವುಗಳ ಆಹಾರ. ಕತ್ತಲೆ ಇರಬೇಕು, ಯಾರೂ ಅಲುಗಾಡಿಸಬಾರದು. ನುಸಿಗುಳಿಗೆ ಒಂದೆರಡು ವರ್ಷದಲ್ಲಿ ಆವಿಯಾಗುತ್ತದೆ, ಹೊಸದು ಹಾಕುತ್ತಿರಬೇಕು. ಇದೆಲ್ಲ ಕೈಪಿಡಿಯ ಆರನೇ ನಿಯಮದಲ್ಲಿದೆ: "ಪ್ರತಿ ಪೆಟ್ಟಿಗೆಯನ್ನೂ ತಿಂಗಳಿಗೊಮ್ಮೆ ಬಿಚ್ಚಿ ಗಾಳಿ, ಬೆಳಕು ತಾಗಿಸತಕ್ಕದ್ದು." ಏಳನೇ ನಿಯಮ: "ಒಂಬತ್ತನೇ ಪೆಟ್ಟಿಗೆಯ ಮೊಹರು ಒಡೆಯತಕ್ಕದ್ದಲ್ಲ." ಎರಡೂ ನಾನು ಬರೆದವು, ಒಂದರ ಕೆಳಗೊಂದು. ಬಿಚ್ಚುವ ಕೆಲಸ ಶಾಲೆಗಳಲ್ಲೇ ಆಗುತ್ತದೆ ಎಂದುಕೊಂಡಿದ್ದೆ; ಎರಡು ನಿಯಮಗಳ ಜಗಳ ಹತ್ತೊಂಬತ್ತು ವರ್ಷದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇಪ್ಪತ್ತೆರಡನೇ ಪೆಟ್ಟಿಗೆಯಲ್ಲೂ ಗರಿಗಳೇ ಇರುವುದು. ಅದರಲ್ಲಿ ಹುಳು ಯಾಕಿಲ್ಲ ಎಂದು ಡ್ರೈವರನನ್ನು ಕೇಳಿದೆ.

"ಎರಡು ವಾರಕ್ಕೊಂದು ಸಲ ಮೂವತ್ತು ಮಕ್ಕಳು ಹೊರಗೆ ತೆಗೆದು, ಊದಿ, ಕೊಡವಿ, ಮೂಗಿಗೆ ಏರಿಸಿ, ಒಬ್ಬರ ಕಿವಿಗೆ ಒಬ್ಬರು ಚುಚ್ಚಿ ಒಳಗಿಟ್ರೆ, ಯಾವ ಹುಳು ಸಾರ್ ಸಂಸಾರ ಮಾಡತ್ತೆ?"

ಆ ಪೆಟ್ಟಿಗೆಯಿಂದ ಕಳೆದಿರುವುದು ಹನ್ನೊಂದು ಗರಿ. ಉಳಿದ ಇಪ್ಪತ್ತೊಂಬತ್ತು ಜಿಡ್ಡಾಗಿವೆ, ಬಾಗಿವೆ. ಆದರೆ ಇವೆ.

ಹುಳುಗಳನ್ನು ಒಂದು ಗಾಜಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಕೊಲ್ಲಬೇಕೆಂದೇ ಹಾಕಿದ್ದು. ಸಂಜೆ ತನಕ ನೋಡುತ್ತಾ ಕೂತೆ. ಹಿಂದೆ ಜುಟ್ಟಿನಂಥ ರೋಮ. ಡಬ್ಬಿ ತಟ್ಟಿದರೆ ಅದನ್ನು ಬೀಸಣಿಗೆಯಂತೆ ಹರಡುತ್ತವೆ.

ಅಕ್ಟೋಬರ್ 4, ಶುಕ್ರವಾರ

ಹಳೆಯ ವರದಿಯ ಮೂರು ಪ್ರತಿಗಳನ್ನೂ ಹರಿದೆ. ಹೊಸ ಕೋಷ್ಟಕ: ಪೆಟ್ಟಿಗೆ ಸಂಖ್ಯೆ, ಎಷ್ಟು ಸಲ ಎರವಲು, ಕಳೆದದ್ದು, ಸೇರಿದ್ದು. ಕಲ್ಲು ಬಿಟ್ಟು ಸೇರಿದ್ದು 294. 'ಸೇರಿದ್ದು' ಎಂಬ ಕಾಲಂ ಕೈಪಿಡಿಯಲ್ಲಿಲ್ಲ. ಇದ್ದದ್ದನ್ನು ಬರೆಯದೆ ಬಿಡಲು ಬರುವುದಿಲ್ಲ, ಅಷ್ಟೇ.

ತೂಕದ ಪದ್ಧತಿ ನನ್ನದು, ತಪ್ಪು ನನ್ನದು ಎಂದು ಮೊದಲ ಪುಟದಲ್ಲೇ ಬರೆದೆ. ಮೇಡಂ ನಿಂತುಕೊಂಡೇ ಓದಿದರು.

"ಮೂವತ್ತು ಶೇಕಡಾ" ಎಂದರು.

"ಒಂಬತ್ತನೆಯದು ಸೇರಿ ಮೂವತ್ತೆರಡು, ಮೇಡಂ. 32.2."

"ಇದನ್ನ ಕೊಟ್ರೆ ಮುಚ್ಚೋದು ಖಂಡಿತ ಅಂತ ಗೊತ್ತಲ್ಲ ನಿಮಗೆ?"

"ಗೊತ್ತು."

"ಮತ್ತೆ?"

"ಎಣಿಸಿದೀನಿ ಮೇಡಂ. ಎಣಿಸಿದ ಮೇಲೆ ಬೇರೆ ಸಂಖ್ಯೆ ಬರೆಯೋಕಾಗಲ್ಲ."

ಅವರು ಕಾಗದವನ್ನು ಮೇಜಿನ ಮೇಲಿಟ್ಟರು. ಆ ಮೇಜಿನ ಮೇಲೆ ನಾನು ಕಂಡ ಮೊದಲ ಕಾಗದ. ಸಭೆಗೆ ಮೂರು ಪೆಟ್ಟಿಗೆ ತರಲು ಹೇಳಿದರು: ನಾಲ್ಕು, ಹದಿನೇಳು, ಒಂಬತ್ತು.

ಮನೆಗೆ ಬರುವಾಗ ಕೊಡೆ ಮತ್ತು ಚೀಲದ ಕೌಂಟರ್ ನೋಡಿಕೊಂಡು ಬಂದೆ. ಸ್ಟೂಲಿಗೆ ಬೆನ್ನಿಲ್ಲ. ಕಿಟಕಿಯೂ ಇಲ್ಲ.

ಅಕ್ಟೋಬರ್ 9, ಬುಧವಾರ

ಸಭೆ ಹನ್ನೊಂದಕ್ಕೆ. ಉದ್ದದ ಮೇಜು, ಏಳು ಜನ, ಪ್ರತಿಯೊಬ್ಬರ ಮುಂದೆ ನನ್ನ ಕೋಷ್ಟಕ. ಮೇಡಂ ಪಕ್ಕದಲ್ಲಿ ಪರದೆ ಕಂಪನಿಯವರು ಕಳಿಸಿದ ಚಿತ್ರಗಳು. ಬಾಗಿಲ ಬಳಿ ನನಗೊಂದು ಕುರ್ಚಿ. ಸೇರಿದ್ದನ್ನೂ ಆಯಾ ಪೆಟ್ಟಿಗೆಗೇ ವಾಪಸಿಟ್ಟು, ಪೆಟ್ಟಿಗೆಗಳನ್ನು ಮೇಜಿನ ನಡುವೆ ತೆರೆದಿಟ್ಟಿದ್ದೆ.

ಅಧ್ಯಕ್ಷರು ವಯಸ್ಸಾದವರು, ದಪ್ಪ ಕನ್ನಡಕ. ಮೇಡಂ ಮಾತಾಡುತ್ತಿದ್ದಾಗ ಅವರ ಕೈ ಸುಮ್ಮನೆ ನಾಲ್ಕನೇ ಪೆಟ್ಟಿಗೆಗೆ ಹೋಯಿತು. ಜೀರುಂಡೆಯ ಪೊರೆ ತೆಗೆದು ತಿರುಗಿಸಿ ನೋಡಿದರು. ಅದು ಅವರ ಕೋಟಿನ ತೋಳಿಗೆ ಅಂಟಿಕೊಂಡಿತು. ಅವರು ಅದನ್ನು ಬಿಡಿಸಲಿಲ್ಲ. ಪಕ್ಕದಲ್ಲಿದ್ದವರು ಗುಂಡಿಯ ಚೀಟಿ ಓದಿ, ಅದನ್ನು ಇನ್ನೊಬ್ಬರಿಗೆ ದಾಟಿಸಿದರು. ಹತ್ತು ನಿಮಿಷದಲ್ಲಿ ಪರದೆಯ ಚಿತ್ರಗಳ ಮೇಲೆ ಒಂದು ನರಿಯ ದವಡೆ ಇತ್ತು.

"ಇದು ಯಾವ ಪ್ರಾಣಿ ಹಲ್ಲು?" ಎಂದರು ಒಬ್ಬ ಮಹಿಳಾ ಸದಸ್ಯರು.

"ಮನುಷ್ಯರದು" ಎಂದೆ.

ಅವರು ವಕೀಲರಂತೆ. ಹಲ್ಲನ್ನು ಕೆಳಗಿಟ್ಟರು. "ಮನುಷ್ಯರ ಅವಶೇಷ ಇಟ್ಟುಕೊಳ್ಳೋಕೆ ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಬೇಕಾಗತ್ತೆ."

"ಇದೆ. ಡಬ್ಬಿಯ ತಳದಲ್ಲಿ ನೋಡಿ."

ಅವರು ಚೀಟಿ ತೆಗೆದು ಗಟ್ಟಿಯಾಗಿ ಓದಿದರು. "ಇದನ್ನು ವಾಪಸ್ ಕೇಳುವುದಿಲ್ಲ." ಚೀಟಿಯನ್ನು ಮಡಿಸಿ ಡಬ್ಬಿಯಲ್ಲಿಟ್ಟು, "ಸ್ಪಷ್ಟವಾಗಿದೆ" ಎಂದರು.

ಅಧ್ಯಕ್ಷರು ಕೋಷ್ಟಕ ಹಿಡಿದು ನನ್ನ ಕಡೆ ತಿರುಗಿದರು. "ನೂರಕ್ಕೆ ಮೂವತ್ತೆರಡು ಹೋಗಿದೆ ಅಂತ ನೀವೇ ಬರೆದಿದೀರಿ. ಇನ್ನೂ ಹೊರಗೆ ಕಳಿಸ್ಬೇಕಾ ಇವನ್ನ?"

ನಾನು ಭಾಷಣ ತಯಾರಿಸಿಕೊಂಡಿರಲಿಲ್ಲ. "ಒಂಬತ್ತನೇ ಸಾಲು ನೋಡಿ ಸಾರ್" ಎಂದೆ.

ಅವರು ಓದಿದರು. "ಎರವಲು, ಸೊನ್ನೆ. ಕಳೆದದ್ದು, ನಲವತ್ತಕ್ಕೆ ನಲವತ್ತು. ಸೇರಿದ್ದು..." ಕನ್ನಡಕ ಸರಿ ಮಾಡಿಕೊಂಡರು. "ಹುಳು, ಎಣಿಕೆ ನಡೆಯುತ್ತಿದೆ."

ಒಂಬತ್ತನೇ ಪೆಟ್ಟಿಗೆಯೊಳಗೆ ಎಲ್ಲರೂ ಬಗ್ಗಿ ನೋಡಿದರು. ಯಾರೂ ಕೈ ಹಾಕಲಿಲ್ಲ.

"ಇದು ಯಾರ ಜವಾಬ್ದಾರಿಯಲ್ಲಿತ್ತು?"

"ನನ್ನದು. ಇದು ಹಾಳಾಗ್ಬಾರದು ಅಂತ ಯಾರಿಗೂ ಕೊಟ್ಟಿರಲಿಲ್ಲ."

ನನ್ನನ್ನು ಹೊರಗೆ ಕೂರಲು ಹೇಳಿದರು. ಅರ್ಧ ಗಂಟೆ. ಡ್ರೈವರ್ ಎಲ್ಲಿಂದಲೋ ಚಹಾ ತಂದುಕೊಟ್ಟ, ಕುಡಿಯಲಾಗಲಿಲ್ಲ, ಅವನೇ ಕುಡಿದ.

ಮೇಡಂ ಹೊರಗೆ ಬಂದು ಹೇಳಿದರು: ವಿಭಾಗ ಇನ್ನೊಂದು ವರ್ಷ ನಡೆಯಲಿ. ತೂಗುವುದು ನಿಲ್ಲಬೇಕು, ಎಣಿಸಬೇಕು. ಮುರಿದರೆ ಹೇಳಿದವರಿಗೆ ಶಿಕ್ಷೆ ಇಲ್ಲ ಎಂದು ಎಲ್ಲ ಶಾಲೆಗೂ ಪತ್ರ ಹೋಗಬೇಕು. ವರ್ಷದ ಕೊನೆಗೆ ಮತ್ತೆ ಪರಿಶೀಲನೆ. ಪರದೆಯ ಮಾತು ಬಿಟ್ಟಿಲ್ಲ, ಮುಂದೂಡಿದ್ದಾರೆ.

"ಮತ್ತೆ ಅಧ್ಯಕ್ಷರು ಆ ಪೊರೆಯನ್ನ ಕೋಟಿನ ಮೇಲೇ ತಗೊಂಡು ಹೋದ್ರು" ಎಂದರು. "ನಾನು ಹೇಗೆ ಕೇಳಲಿ?"

ನಷ್ಟದ ನಮೂನೆ ತುಂಬಿಸಿದೆ. ಎರವಲು ಪಡೆದವರು: ಅಧ್ಯಕ್ಷರು.

ಅಕ್ಟೋಬರ್ 15, ಮಂಗಳವಾರ

ಟೀಚರ್ ಬಂದರು. ಸೀಮೆಸುಣ್ಣದ ಕೈ ಕೊಡವುತ್ತಾ, ರೂಢಿಯಂತೆ, "ಒಂಬತ್ತನೇದು ತಪಾಸಣೆಯಲ್ಲಿದೆ ಅಲ್ವಾ ಸಾರ್" ಎಂದು ಬೇರೆ ಪಟ್ಟಿ ನೋಡತೊಡಗಿದರು.

"ಮುಗೀತು" ಎಂದು ಕೆಳಗಿಳಿಸಿ ಕೊಟ್ಟೆ.

ಹನ್ನೆರಡು ಸೂಜಿ, ಹನ್ನೆರಡು ಚೀಟಿ, ಗೂಬೆಯ ಎಲುಬು, ಒಂದು ನೀಲಿ ಎಳೆ, ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಗರಿಹುಳುಗಳು, ಅವುಗಳಿಗೆ ತಿನ್ನಲು ಎರಡು ಗರಿ, ನಾಲ್ಕು ಭೂತಕನ್ನಡಿ. ಪೆಟ್ಟಿಗೆಯ ಹೆಸರು ಬದಲಾಯಿಸಿದ್ದೆ: 'ರೆಕ್ಕೆಗಳು ಮತ್ತು ಅವನ್ನು ತಿಂದವರು'. ಟೀಚರ್ ಡಬ್ಬಿಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ಹುಳು ಎಷ್ಟಿದೆ ಅಂತ ಪಟ್ಟಿಯಲ್ಲಿ ಬರೆದಿಲ್ವಲ್ಲ ಸಾರ್."

"ಮಕ್ಕಳು ಎಣಿಸಲಿ."

"ವಾಪಸ್ ಬರೋ ಹೊತ್ತಿಗೆ ಹೆಚ್ಚಾಗಿದ್ರೆ?"

"ಹೆಚ್ಚಾಗಿ ಬಂದದ್ದಕ್ಕೆ ಈಗ ನಮೂನೆ ಇದೆ" ಎಂದೆ. ನಿನ್ನೆಯೇ ಮಾಡಿದ್ದು.

ಮುಚ್ಚಳದ ಮೇಲಿನ 3 ಕಿಲೋ 420 ಹೊಡೆದುಹಾಕಿದೆ. ಬೇರೇನೂ ಬರೆಯಲಿಲ್ಲ.

ಅಕ್ಟೋಬರ್ 18, ಶುಕ್ರವಾರ

ಇವತ್ತಿನದನ್ನೆಲ್ಲ ಊಟದ ಹೊತ್ತಿಗೇ ಹೇಳಿಯಾಯಿತು. ಹೆಂಡತಿಯೇ ಒಂದೊಂದಾಗಿ ಕೇಳಿದಳು; ತಟ್ಟೆ ಒಣಗುವ ತನಕ ಕೂತಿದ್ದೆವು. ಇಲ್ಲಿ ಬರೆಯಲು ಉಳಿದದ್ದು ಸ್ವಲ್ಪವೇ.

ಎಲ್ಲ ಪೆಟ್ಟಿಗೆಗಳಿಂದ ತೆಗೆದ ಕಲ್ಲುಗಳನ್ನೂ, ಸೀಟಿನ ಕೆಳಗಿನ ಎರಡು ಚೀಲಗಳನ್ನೂ ಡ್ರೈವರ್ ತೊಳೆದು ತಂದ. ಮೂವತ್ತಮೂರನೇ ಪೆಟ್ಟಿಗೆ ಮಾಡಿದೆವು, 'ನಮ್ಮ ಊರಿನ ಕಲ್ಲುಗಳು'. ಯಾವ ಕಲ್ಲು ಯಾವ ಶಾಲೆಯದೆಂದು ಅವನು ಹೇಳಿದ, ನಾನು ಬರೆದೆ. ಮೊದಲ ಶಾಲೆ ಸೋಮವಾರ ಒಯ್ಯುತ್ತದೆ. ಕಪಾಟಿಗೆ ಏರಿಸುವಾಗ ಅವನು ಉಸ್ಸೆಂದ.

"ಭಾರ ಇದೆಯಾ?" ಎಂದು ಕೇಳಿದೆ.

"ಆ ಕಡೆ ಹಿಡೀರಿ, ಗೊತ್ತಾಗತ್ತೆ."

ಹಿಡಿದೆ. ಭಾರವೇ.